ಸೆಪ್ಟೆಂಬರ್ ಯಾನ ಇನ್ನು ಮಳೆಯ ಲೆಕ್ಕದಲ್ಲಿ

ಆತ್ಮೀಯ ಪ್ರಯಾಣಿಕರಿಗೆ,

ನಮಸ್ಕಾರ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಗ್ರೇಟ್ ಬೇರ್ ಮಳೆಕಾಡಿನ ತೀರದುದ್ದಕ್ಕೂ ನಾವು ನಡೆಸುವ ಸೆಪ್ಟೆಂಬರ್ ಯಾನ ಮುಂದಿನ ವರ್ಷದಿಂದ ಬದಲಾಗುತ್ತಿದೆ. ಈಗಾಗಲೇ ಮುಂಗಡ ಕೊಟ್ಟಿರುವವರಿಗೂ, ಹಿಂದೆ ನಮ್ಮ ಹಡಗಿನಲ್ಲಿ ಬಂದು ಮತ್ತೊಮ್ಮೆ ಬರುವ ಮನಸ್ಸಿರುವವರಿಗೂ ಈ ಪತ್ರ ಬರೆಯುತ್ತಿದ್ದೇವೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಂಟು ದಿನಗಳಲ್ಲಿ ಒಂಬತ್ತು ಕಡೆ ಲಂಗರು ಹಾಕುತ್ತಿದ್ದ ಹಡಗು ಇನ್ನು ನಾಲ್ಕು ಕಡೆ ಮಾತ್ರ ನಿಲ್ಲುತ್ತದೆ. ಹದಿನಾರು ಜನರ ಬದಲು ಹನ್ನೆರಡು ಜನರನ್ನು ಕರೆದೊಯ್ಯುತ್ತೇವೆ. ಯಾವ ದಿನ ಯಾವ ಹೊಳೆ ಎಂಬ ಪಟ್ಟಿಯನ್ನು ಮುಂಚೆಯೇ ಅಚ್ಚು ಹಾಕಿ ಕಳುಹಿಸುವುದಿಲ್ಲ. ಯಾನದ ಹೆಸರಿನಲ್ಲಿದ್ದ ‘ಬಿಳಿ ಕರಡಿ’ ಎಂಬ ಮಾತನ್ನು ತೆಗೆದಿದ್ದೇವೆ. ದರವೂ ಏರಿದೆ, ಎಷ್ಟು, ಏಕೆ ಎಂಬುದನ್ನು ಮುಂದೆ ವಿವರಿಸಿದ್ದೇವೆ. ಬೆಲ್ಲಾ ಬೆಲ್ಲಾದಲ್ಲಿ ಹತ್ತಿ ಕಿಟಿಮ್ಯಾಟ್‌ನಲ್ಲಿ ಇಳಿಯುವುದು ಮಾತ್ರ ಮೊದಲಿನಂತೆಯೇ ಇರುತ್ತದೆ.

ಇದಕ್ಕೆಲ್ಲ ಕಾರಣ ಮಳೆ. ಪೆಸಿಫಿಕ್ ಸಾಗರದ ಮೋಡಗಳು ಕೋಸ್ಟ್ ಪರ್ವತಗಳಿಗೆ ತಡೆದು ಇಲ್ಲಿಯೇ ಸುರಿದುಹೋಗುತ್ತವೆ. ತೀರದ ಉತ್ತರ ತುದಿಯಲ್ಲಿರುವ ಪ್ರಿನ್ಸ್ ರೂಪರ್ಟ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 2,600 ಮಿಲಿಮೀಟರ್ ಮಳೆಯಾಗುತ್ತದೆ. ಬೇಸಿಗೆಯ ಕೊನೆಗೆ ಹೊಳೆಗಳು ಇಳಿದಿರುತ್ತವೆ. ಶರತ್ಕಾಲದ ಮೊದಲ ದೊಡ್ಡ ಮಳೆ ಬಿದ್ದು ಹೊಳೆ ಏರಿದಾಗ, ಅಳಿವೆಯಲ್ಲಿ ಕಾದಿದ್ದ ಪಿಂಕ್ ಮತ್ತು ಚಮ್ ಸಾಲ್ಮನ್ ಮೀನುಗಳು ತಾವು ಹುಟ್ಟಿದ ನೀರಿಗೆ ಮೊಟ್ಟೆ ಇಡಲು ಹತ್ತುತ್ತವೆ. ಪಿಂಕ್ ಸಾಲ್ಮನ್‌ನ ಆಯುಸ್ಸು ಎರಡೇ ವರ್ಷ. ಹತ್ತುವುದು ಒಂದೇ ಸಲ, ಹತ್ತಿ ಮೊಟ್ಟೆ ಇಟ್ಟ ಮೇಲೆ ಸಾವು. ಚಳಿಗಾಲದ ನಿದ್ದೆಗೆ ಮೊದಲು ಮೈತುಂಬ ಕೊಬ್ಬು ಕೂಡಿಸಿಕೊಳ್ಳಬೇಕಾದ ಕರಡಿ ಈ ಮೀನಿಗಾಗಿ ಹೊಳೆಗೆ ಬರುತ್ತದೆ, ಅದನ್ನು ನೋಡಲು ನಾವು ಬರುತ್ತೇವೆ. ಮಳೆ ತಡವಾದರೆ ಈ ಸಾಲಿನಲ್ಲಿರುವ ಎಲ್ಲರೂ ಕಾಯಬೇಕು. ಕಾಯದೆ ಓಡಾಡುತ್ತಿದ್ದವರು ನಾವೊಬ್ಬರೇ.

ಮೊದಲೆಲ್ಲ ಮಳೆ ಒಂದು ವಾರ ಹಿಂದೆ ಮುಂದೆ ಆಗುತ್ತಿತ್ತು, ನಮ್ಮ ಪಟ್ಟಿಯೂ ಹೇಗೋ ಹೊಂದಿಕೊಳ್ಳುತ್ತಿತ್ತು. ಈಗ ಹಾಗಿಲ್ಲ. 2022ರ ಶರತ್ಕಾಲದಲ್ಲಿ ಅಕ್ಟೋಬರ್ ಬಂದರೂ ಇಲ್ಲಿ ಬರ ಬಿಡಲಿಲ್ಲ. ಬೆಲ್ಲಾ ಬೆಲ್ಲಾದ ಬಳಿ, ಹೈಲ್ಟ್ಸುಕ್ ಮೂಲನಿವಾಸಿಗಳ ನೆಲದಲ್ಲಿ ಹರಿಯುವ ನೀಕಸ್ ಹೊಳೆಯಲ್ಲಿ ಸಾವಿರಾರು ಸಾಲ್ಮನ್‌ಗಳು ಮೊಟ್ಟೆ ಇಡುವ ಮೊದಲೇ ನೀರಿಲ್ಲದೆ ಸತ್ತು ಬಿದ್ದವು. ಮಳೆಕಾಡಿನಲ್ಲಿ ಮೀನು ನೀರಿಲ್ಲದೆ ಸಾಯುವುದೆಂದರೆ ಏನೆಂದು ಈ ತೀರದಲ್ಲಿ ಬದುಕುವವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ನಮ್ಮ ಕಣ್ಣು ತೆರೆದದ್ದು ಕಳೆದ ಸೆಪ್ಟೆಂಬರ್‌ನಲ್ಲಿ, ಒಂದು ಮಧ್ಯಾಹ್ನ. ಆ ಯಾನದಲ್ಲಿದ್ದ ಕೆಲವರು ಈ ಪತ್ರವನ್ನೂ ಓದುತ್ತಿರಬಹುದು. ಹೊಳೆಯ ಹೆಸರು ಬೇಡ. ಹತ್ತು ದಿನಗಳಿಂದ ಮಳೆ ಇರಲಿಲ್ಲ. ಮೀನು ನಿಲ್ಲುವಷ್ಟು ಆಳವಿದ್ದದ್ದು ಒಂದೇ ಒಂದು ಮಡುವಿನಲ್ಲಿ. ನೀರು ಇಳಿದಿದೆ, ಇವತ್ತು ಬೇಡ ಎಂದು ಸ್ಥಳೀಯ ಮಾರ್ಗದರ್ಶಿ ದಡಕ್ಕೆ ಇಳಿಯುವ ಮೊದಲೇ ಹೇಳಿದ್ದರು. ಪಟ್ಟಿಯಲ್ಲಿ ಆ ಹೊಳೆಗೆ ಎರಡು ಗಂಟೆ ಎಂದು ಬರೆದಿತ್ತು. ಸಂಜೆಯೊಳಗೆ ಮುಂದಿನ ಕೊಲ್ಲಿ ಸೇರಬೇಕಿತ್ತು. ಅವರ ಮಾತನ್ನು ಬದಿಗಿಟ್ಟು ನಾವು ಇಳಿದೆವು. ಹದಿನಾರು ಜನ ಅತಿಥಿಗಳು, ಮೂವರು ಸಿಬ್ಬಂದಿ, ಮಡುವಿನ ಎರಡೂ ಬದಿಯ ಕಲ್ಲುಗಳ ಮೇಲೆ ಸದ್ದಿಲ್ಲದೆ ಕುಳಿತೆವು.

ಅರ್ಧ ಗಂಟೆಯ ಮೇಲೆ ಆಲ್ಡರ್ ಗಿಡಗಳ ನಡುವಿನಿಂದ ತಾಯಿ ಕರಡಿಯೊಂದು ಎರಡು ಮರಿಗಳೊಂದಿಗೆ ಬಂದಿತು. ಕಪ್ಪು ಕರಡಿ, ಸೆಪ್ಟೆಂಬರ್ ನಡುವಿನಲ್ಲಿ ಇರಬೇಕಾದಷ್ಟು ದಪ್ಪ ಇರಲಿಲ್ಲ, ಬೆನ್ನಿನ ಮೂಳೆ ತುಪ್ಪಳದ ಅಡಿಯಲ್ಲಿ ಗೆರೆಯಾಗಿ ಕಾಣುತ್ತಿತ್ತು. ಮುಂಗಾಲು ನೀರಿಗಿಟ್ಟು ತಲೆ ಎತ್ತಿ ಗಾಳಿ ಮೂಸಿತು. ಎಡಕ್ಕೆ ನೋಡಿತು, ನಾವಿದ್ದೆವು. ಬಲಕ್ಕೆ ನೋಡಿತು, ಅಲ್ಲಿಯೂ ನಾವಿದ್ದೆವು. ಹಲ್ಲು ಕಟಕಟಿಸಿ ಒಮ್ಮೆ ಬುಸುಗುಟ್ಟಿದ್ದೇ ತಡ, ಮರಿಗಳು ಹತ್ತಿರದ ಹೆಮ್ಲಾಕ್ ಮರವನ್ನು ಸರಸರನೆ ಏರಿದವು. ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಆಮೇಲೆ ಮರಿಗಳನ್ನು ಇಳಿಸಿಕೊಂಡು, ಮೀನು ಮುಟ್ಟದೆ, ಬಂದ ದಾರಿಯಲ್ಲೇ ಹಿಂದಿರುಗಿತು. ಮಡುವಿನಲ್ಲಿ ಬೆನ್ನು ಗೂನಾದ ಗಂಡು ಸಾಲ್ಮನ್‌ಗಳು ಸವೆದ ರೆಕ್ಕೆಗಳನ್ನು ಬಡಿಯುತ್ತಾ ಇದ್ದಲ್ಲೇ ಇದ್ದವು.

ಅಂದು ತೆಗೆದ ಚಿತ್ರಗಳು ಬಹಳ ಚೆನ್ನಾಗಿ ಬಂದವು. ಅತಿಥಿಗಳು ಸಂತೋಷದಿಂದಲೇ ಹಡಗಿಗೆ ಮರಳಿದರು, ತಪ್ಪು ಅವರದಲ್ಲ. ರಾತ್ರಿ ಊಟದ ನಂತರ ಮಾರ್ಗದರ್ಶಿ ನಮ್ಮನ್ನು ಒಂದೇ ಒಂದು ಮಾತು ಕೇಳಿದರು: “ನಾಳೆ ಬರಬಹುದಿತ್ತಲ್ಲ?” ನಮ್ಮ ಪಟ್ಟಿಯ ಪ್ರಕಾರ ನಾಳೆ ನಾವು ನಲವತ್ತು ನಾಟಿಕಲ್ ಮೈಲಿ ದೂರದಲ್ಲಿ ಇರಬೇಕಿತ್ತು. ಅದರಾಚೆಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಹೊಸ ಯಾನವನ್ನು ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ರೂಪಿಸಿದ್ದೇವೆ.

ಹೆಸರಿನ ವಿಷಯಕ್ಕೆ ಬರುತ್ತೇವೆ. ಬಿಳಿ ಕರಡಿಯನ್ನು ನೋಡಲೆಂದೇ ತಮ್ಮಲ್ಲಿ ಹಲವರು ವರ್ಷಗಟ್ಟಲೆ ಹಣ ಕೂಡಿಸಿಟ್ಟು ಬರುತ್ತೀರಿ ಎಂಬುದು ನಮಗೆ ಗೊತ್ತು. ಈ ತೀರದ ಮೂಲನಿವಾಸಿಗಳಾದ ಗಿಟ್ಗಾತ್ ಜನ ಮೊಕ್ಸ್‌ಗಮೋಲ್ ಎಂದು ಕರೆಯುವ ಈ ಪ್ರಾಣಿ ಹಿಮಕರಡಿಯ ಜಾತಿಯದಲ್ಲ. ಇದು ಕಪ್ಪು ಕರಡಿಯೇ. ಬಿಳಿ ಬಣ್ಣದ ವಂಶವಾಹಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕೆನೆಬಣ್ಣದ ತುಪ್ಪಳ ಹೊತ್ತು ಹುಟ್ಟುತ್ತದೆ. ಹಾಗಾಗಿ ಕಪ್ಪು ತಾಯಿಯ ಹಿಂದೆ ಬಿಳಿ ಮರಿ ನಡೆದು ಬರುವುದುಂಟು. ಪ್ರಿನ್ಸೆಸ್ ರಾಯಲ್ ಮತ್ತು ಗ್ರಿಬೆಲ್ ದ್ವೀಪಗಳಲ್ಲಿ ಅವು ಉಳಿದ ಕಡೆಗಿಂತ ಹೆಚ್ಚು. ಅಲ್ಲಿಯೂ ಕಾಣಿಸುವುದು ವಿರಳವೇ.

ಕಪ್ಪು ಕರಡಿಯೊಂದು ಒಳಗೆ ಆ ವಂಶವಾಹಿಯನ್ನು ಹೊತ್ತಿದೆಯೇ ಎಂದು ನೋಡಿ ಹೇಳಲಾಗದು. ಇದೇ ಕಾರಣಕ್ಕೆ ಕಿಟಾಸೂ ಹೈಹೈಸ್ ಮತ್ತು ಗಿಟ್ಗಾತ್ ಸಮುದಾಯಗಳು ವರ್ಷಗಳ ಕಾಲ ಪಟ್ಟು ಹಿಡಿದು ಕೇಳಿದವು. 2022ರಲ್ಲಿ ಪ್ರಾಂತ್ಯ ಸರ್ಕಾರ ಅವರ ನೆಲದ 8,000 ಚದರ ಕಿಲೋಮೀಟರ್‌ಗೂ ಹೆಚ್ಚಿನ ಪ್ರದೇಶದಲ್ಲಿ ಎಲ್ಲ ಕಪ್ಪು ಕರಡಿಗಳ ಬೇಟೆಯನ್ನೂ ನಿಷೇಧಿಸಿತು. ಕಾನೂನು ಕಪ್ಪು ಕರಡಿಗೆ ಅಷ್ಟು ಬೆಲೆ ಕೊಟ್ಟಿರುವಾಗ, ‘ಬರೀ ಕಪ್ಪು ಕರಡಿಗಳನ್ನು ನೋಡಿ ಬಂದೆವು’ ಎಂದು ತಾವು ಬೇಸರಪಟ್ಟು ಮನೆಗೆ ಹೋಗುವಂತಹ ಹೆಸರನ್ನು ಯಾನಕ್ಕೆ ಇಟ್ಟವರು ನಾವು. ಆ ಬೇಸರವನ್ನು ನಾವೇ ಮಾರಿದ್ದೇವೆ ಎಂದು ಈಗ ಅನಿಸುತ್ತದೆ. ಬಿಳಿ ಕರಡಿ ಕಂಡರೆ ನಮಗೂ ಎದೆ ತುಂಬಿ ಬರುತ್ತದೆ. ಕಾಣುತ್ತದೆ ಎಂದು ಮಾತ್ರ ಇನ್ನು ಮುಂದೆ ಬರೆಯುವುದಿಲ್ಲ.

ಇನ್ನು ಯಾನ ಹೇಗಿರುತ್ತದೆ? ಒಂದೊಂದು ಲಂಗರಿನಲ್ಲಿ ಒಂದೋ ಎರಡೋ ರಾತ್ರಿ, ಬೇಕಾದರೆ ಮೂರು. ಬೆಳಿಗ್ಗೆ ಮಾರ್ಗದರ್ಶಿ ಮೊದಲು ಒಬ್ಬರೇ ಹೊಳೆಗೆ ಹೋಗಿ ನೀರು, ಮೀನು, ಹೆಜ್ಜೆ ಗುರುತು ನೋಡಿ ಬರುತ್ತಾರೆ. ಇಳಿಯಬಹುದು ಎಂದರೆ ಇಳಿಯುತ್ತೇವೆ, ಬೇಡವೆಂದರೆ ಬೇಡ. ಆ ಮಾತೇ ಕೊನೆ. ಕ್ಯಾಪ್ಟನ್ ಕೂಡ ಅದನ್ನು ತಳ್ಳಿಹಾಕುವಂತಿಲ್ಲ. ಹೊಳೆಯ ಬಳಿ ಒಂದು ಸಲಕ್ಕೆ ಆರು ಜನ, ಒಂದೇ ದಡದಲ್ಲಿ. ಎದುರು ದಡ ಕರಡಿಗೆ. ಉಳಿದ ಆರು ಜನ ಆ ಹೊತ್ತಿನಲ್ಲಿ ಅಳಿವೆಯಲ್ಲಿ ಕಯಾಕ್ ನಡೆಸಬಹುದು, ಅಥವಾ ಕಾಡಿನ ಅಂಚಿನಲ್ಲಿ ನಡೆಯಬಹುದು.

ಆ ನಡಿಗೆಯನ್ನು ದಯವಿಟ್ಟು ಕಡಿಮೆ ಎಣಿಸಬೇಡಿ. ಮೀನು ಹೇರಳವಾಗಿರುವಾಗ ಕರಡಿ ಮೊಟ್ಟೆ ಮತ್ತು ಮಿದುಳನ್ನಷ್ಟೇ ತಿಂದು ಉಳಿದದ್ದನ್ನು ಪಾಚಿಯ ಮೇಲೆ ಬಿಟ್ಟು ಹೋಗುತ್ತದೆ. ನೀರಿನಿಂದ ಐವತ್ತು ಹೆಜ್ಜೆ ಒಳಗೆ, ಸ್ಪ್ರೂಸ್ ಮರದ ಬುಡದಲ್ಲಿ, ಹಸಿರು ಪಾಚಿಯ ಮೇಲೆ ಮೀನಿನ ದವಡೆಯೊಂದು ಹಲ್ಲುಗಳ ಸಮೇತ ಬಿದ್ದಿರುತ್ತದೆ. ಅದರ ಸಾರ ಮಣ್ಣಿಗೆ ಇಳಿದು ಮರಕ್ಕೆ ಏರುತ್ತದೆ. ಕಡಲಿನಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ಈ ಮರಗಳಲ್ಲಿ ಗುರುತಿಸಿದ್ದಾರೆ. ಹಳೆಯ ಪಟ್ಟಿಯಲ್ಲಿ ಇದನ್ನು ತೋರಿಸಲು ನಮಗೆ ಬಿಡುವೇ ಇರುತ್ತಿರಲಿಲ್ಲ.

ತಿಮಿಂಗಿಲಗಳಿಗೂ ಹೊತ್ತು ಸಿಗುತ್ತದೆ. ವೇಲ್ ಚಾನೆಲ್‌ನಲ್ಲಿ ಎಂಜಿನ್ ನಿಲ್ಲಿಸಿ, ನೀರಿನಡಿಯ ಸದ್ದು ಕೇಳಿಸುವ ಹೈಡ್ರೋಫೋನ್ ಇಳಿಸಿ ಕೂರುತ್ತೇವೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಗುಂಪಾಗಿ ಗುಳ್ಳೆಗಳ ಬಲೆ ನೇಯ್ದು ಹೆರಿಂಗ್ ಮೀನನ್ನು ಸುತ್ತುವರಿಯುವಾಗ, ಅವು ಬಾಯಿ ತೆರೆದು ಮೇಲೇಳುವ ಮುಂಚೆ ಅವುಗಳ ಕೂಗು ಕೇಳಿಸುತ್ತದೆ. ಕಾನೂನಿನಂತೆ ನೂರು ಮೀಟರ್, ಮರಿ ಜೊತೆಗಿದ್ದರೆ ಅಥವಾ ವಿಶ್ರಮಿಸುತ್ತಿದ್ದರೆ ಇನ್ನೂರು ಮೀಟರ್ ದೂರವಿರಬೇಕು. ಓರ್ಕಾಗಳಿಂದಲೂ ಇನ್ನೂರಕ್ಕಿಂತ ಹತ್ತಿರ ಹೋಗುವಂತಿಲ್ಲ. ಹಿಂದೆ ಇದನ್ನು ಪಾಲಿಸಿದ್ದೇವೆ, ಮುಂದೆಯೂ ಪಾಲಿಸುತ್ತೇವೆ.

ಈಗ ದರ. ತಲಾ 8,400 ಕೆನಡಾ ಡಾಲರ್ ಇದ್ದದ್ದು 9,900 ಆಗಿದೆ. ಶೇಕಡಾ 5ರ ಜಿಎಸ್‌ಟಿ ಬೇರೆ. ಓಡಾಟ ಕಡಿಮೆಯಾದ ಮೇಲೆ ಡೀಸೆಲ್ ಉಳಿಯುತ್ತದಲ್ಲ, ಮತ್ತೆ ಏರಿಕೆ ಏಕೆ ಎಂದು ತಾವು ಕೇಳುವುದು ನ್ಯಾಯವೇ. ಡೀಸೆಲ್ ಉಳಿಯುತ್ತದೆ, ಆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದೇ ಈ ದರ ನಿಗದಿ ಮಾಡಿದ್ದೇವೆ. ಆದರೆ ನಾಲ್ಕು ಹಾಸಿಗೆಗಳು ಖಾಲಿ ಇರುತ್ತವೆ. ಸಿಬ್ಬಂದಿಯ ಸಂಖ್ಯೆ, ವಿಮೆ, ಹಡಗಿನ ದುರಸ್ತಿ ಯಾವುದೂ ಕಡಿಮೆಯಾಗುವುದಿಲ್ಲ. ಮಾರ್ಗದರ್ಶಿಗಳನ್ನು ಯಾನದ ಎಂಟೂ ದಿನಕ್ಕೆ ನೇಮಿಸಿಕೊಳ್ಳುತ್ತಿದ್ದೇವೆ, ಒಂದು ದಿನ ಹೊಳೆಗೆ ಇಳಿಯದಿದ್ದರೂ ಅವರಿಗೆ ಪೂರ್ತಿ ಕೂಲಿ ಸಲ್ಲುತ್ತದೆ. ‘ಬೇಡ’ ಎಂದವರ ಸಂಬಳ ಕಡಿತವಾಗುವಂತಿದ್ದರೆ ಆ ಮಾತಿಗೆ ನಾವು ಕೊಟ್ಟ ಅಧಿಕಾರ ಸುಳ್ಳಾಗುತ್ತದೆ.

ಮುಂಗಡ ಕೊಟ್ಟವರಿಗೆ ಹಳೆಯ ದರವೇ ಇರುತ್ತದೆ. ಹೊಸ ಸ್ವರೂಪ ಒಪ್ಪಿಗೆಯಾಗದಿದ್ದರೆ ಜನವರಿ 31ರೊಳಗೆ ತಿಳಿಸಿ. ಮುಂಗಡವನ್ನು ಪೂರ್ತಿಯಾಗಿ, ಕಾರಣ ಕೇಳದೆ ಹಿಂದಿರುಗಿಸುತ್ತೇವೆ. ಎರಡು ಯಾನಗಳಲ್ಲಿ ಈಗಾಗಲೇ ಹನ್ನೆರಡಕ್ಕಿಂತ ಹೆಚ್ಚು ಜನ ಜಾಗ ಕಾಯ್ದಿರಿಸಿದ್ದಾರೆ. ಅವರಲ್ಲಿ ಯಾರನ್ನೂ ನಾವಾಗಿ ಕೈಬಿಡುವುದಿಲ್ಲ. ಆ ಎರಡು ಯಾನಗಳನ್ನು ಈ ಒಂದು ವರ್ಷ ಹಳೆಯ ಸಂಖ್ಯೆಯಲ್ಲೇ ನಡೆಸಿ, ಹೊಳೆಗೆ ಮೂರು ಗುಂಪು ಮಾಡಿಕೊಂಡು ಸರದಿಯಲ್ಲಿ ಹೋಗುತ್ತೇವೆ. ಅವರೊಂದಿಗೆ ಬೇರೆಯಾಗಿ ಮಾತನಾಡುತ್ತೇವೆ.

ಮೇ, ಜೂನ್ ತಿಂಗಳ ಯಾನಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಆಗ ಗ್ರಿಜ್ಲಿ ಕರಡಿಗಳು ಅಳಿವೆಯ ಬಯಲಿನಲ್ಲಿ ಎಳೆಯ ಜೊಂಡು ಮೇಯುತ್ತಿರುತ್ತವೆ, ನಾವು ದೋಣಿಯಿಂದ ಇಳಿಯುವುದೇ ಇಲ್ಲ.

ಹೊರಡುವ ವಾರ ಪ್ರತಿಯೊಬ್ಬರಿಗೂ ಕರೆ ಮಾಡಿ ಎಷ್ಟು ಮಳೆಯಾಗಿದೆ, ಮೀನು ಅಳಿವೆಯಲ್ಲಿದೆಯೇ ಹೊಳೆಯಲ್ಲಿದೆಯೇ ಎಂದು ತಿಳಿಸುತ್ತೇವೆ. ಮಳೆ ಅಂಗಿ, ಮೊಣಕಾಲಿನವರೆಗಿನ ರಬ್ಬರ್ ಬೂಟು ಹಡಗಿನಲ್ಲೇ ಇವೆ. ಒಳಗೆ ತೊಡಲು ಉಣ್ಣೆಯ ಬಟ್ಟೆ ಮಾತ್ರ ತನ್ನಿ. ಪ್ರಶ್ನೆಗಳಿದ್ದರೆ ಈ ಪತ್ರಕ್ಕೇ ಉತ್ತರ ಬರೆಯಿರಿ. ಚಳಿಗಾಲದಲ್ಲಿ ಹಡಗು ದಡದಲ್ಲಿರುತ್ತದೆ, ಪ್ರತಿ ಪತ್ರಕ್ಕೂ ನಮ್ಮಲ್ಲಿ ಒಬ್ಬರು ಕೂತು ಉತ್ತರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಡಗಿನ ಮಾಲೀಕರು ಮತ್ತು ಸಿಬ್ಬಂದಿ