ಸಿಯೋಲ್‌ನ ಭೋಗ್ಯದ ಮನೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸಿಯೋಲ್‌ನಲ್ಲಿ ತಿಂಗಳ ಬಾಡಿಗೆಯೇ ಇಲ್ಲದ ಮನೆ ಸಿಕ್ಕಿದೆ, ಹಣ ಕಟ್ಟಿಬಿಡಲೇ ಎಂದು ಕೇಳಿದ್ದೀಯ. ಸ್ವಲ್ಪ ತಡಿ. ಬೆಂಗಳೂರಿನಲ್ಲಿ ನಾವು ಭೋಗ್ಯ ಅನ್ನುವುದನ್ನೇ ಅಲ್ಲಿ ಜೊನ್ಸೆ ಅನ್ನುತ್ತಾರೆ. ಮನೆ ಬೆಲೆಯ ಅರ್ಧವನ್ನೋ ಮುಕ್ಕಾಲನ್ನೋ ಇಡಿಗಂಟಾಗಿ ಕೊಡು, ಎರಡು ವರ್ಷ ಇರು, ಬಿಡುವಾಗ ಅಸಲು ವಾಪಸ್ ತಗೊ. ಹಣ ಕೈದಾಟಿದ ಕ್ಷಣದಿಂದ ನೀನು ಮಾಲೀಕನಿಗೆ ಸಾಲ ಕೊಟ್ಟವನಾಗುತ್ತೀಯ. ಇದನ್ನು ಮರೆತವರೇ ಮುಳುಗಿದ್ದು.

ಈ ಪದ್ಧತಿ ಬಲಿತದ್ದು ಸಾಮಾನ್ಯರಿಗೆ ಬ್ಯಾಂಕಿನ ಮನೆ ಸಾಲ ದಕ್ಕದ ಕಾಲದಲ್ಲಿ. 1960ರ ದಶಕದಿಂದ ಅಲ್ಲಿನ ಸರ್ಕಾರ ಬ್ಯಾಂಕುಗಳ ಹಣವನ್ನು ರಫ್ತು ಕಾರ್ಖಾನೆಗಳ ಕಡೆ ತಿರುಗಿಸಿತು. ಅದೇ ಹೊತ್ತಿಗೆ 1960ರಲ್ಲಿ ಸುಮಾರು 24 ಲಕ್ಷವಿದ್ದ ಸಿಯೋಲ್ ಜನಸಂಖ್ಯೆ 1990ಕ್ಕೆ ಒಂದು ಕೋಟಿ ದಾಟಿತು. ಮನೆ ಕಟ್ಟುವವನಿಗೆ ದುಡ್ಡು ಬೇಕು, ಹಳ್ಳಿಯಿಂದ ಬಂದವನಿಗೆ ಸೂರು ಬೇಕು. ಬಡ್ಡಿ ಜೋರಾಗಿದ್ದುದರಿಂದ ಗಂಟಿನ ಬಡ್ಡಿಯೇ ಮಾಲೀಕನಿಗೆ ಬಾಡಿಗೆಯಾಯಿತು. ಮನೆ ಬಿಡುವಾಗ ವಾಪಸ್ ಬಂದ ಗಂಟಿಗೆ ಇನ್ನಷ್ಟು ಕೂಡಿಸಿ ಸ್ವಂತ ಮನೆ ಕೊಂಡವರು ಬಹಳ. ಕೊರಿಯಾದ ಮಧ್ಯಮ ವರ್ಗ ಮೇಲೆ ಬಂದದ್ದು ಹೀಗೆ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ.

ಆದರೆ ನಿನ್ನ ಹಣ ಮಾಲೀಕನ ಬಳಿ ಕೂತಿರುವುದಿಲ್ಲ. ಮುಂದಿನ ಬಾಡಿಗೆದಾರ ತಂದದ್ದರಲ್ಲಿ ನಿನಗೆ ಕೊಡುತ್ತಾನೆ. ಲೆಕ್ಕ ನೋಡು: ಮನೆ ಬೆಲೆ ಅಲ್ಲಿನ ಹಣದಲ್ಲಿ 30 ಕೋಟಿ ವೊನ್, ನೀನು ಕೊಟ್ಟದ್ದು 28 ಕೋಟಿ. ಮನೆ ಕೊಂಡ ಮಾಲೀಕ ಕೈಯಿಂದ ಹಾಕಿದ್ದು ಬರೀ 2 ಕೋಟಿ. ಬೆಲೆ 25 ಕೋಟಿಗೆ ಇಳಿದರೆ ಮನೆ ಮಾರಿದರೂ ನಿನ್ನ ಅಸಲು ಹುಟ್ಟುವುದಿಲ್ಲ. ಇಂಥ ಮನೆಗೆ ಅಲ್ಲಿನ ಜನ ಖಾಲಿ ಡಬ್ಬಿ ಅನ್ನುತ್ತಾರೆ. 2020ರಲ್ಲಿ ಶೇ 0.5ಕ್ಕೆ ಇಳಿದಿದ್ದ ಕೇಂದ್ರ ಬ್ಯಾಂಕಿನ ಬಡ್ಡಿ ದರ 2023ರ ಜನವರಿಯಲ್ಲಿ ಶೇ 3.5 ಮುಟ್ಟಿತು. ಮನೆ ಬೆಲೆ ಕುಸಿಯಿತು, ಡಬ್ಬಿಗಳೆಲ್ಲ ಬಯಲಾದವು. ಅಷ್ಟರಲ್ಲೇ ಸಾವಿರಕ್ಕೂ ಹೆಚ್ಚು ಮನೆಗಳ ಒಡೆಯನೊಬ್ಬ 2022ರಲ್ಲಿ ತೀರಿಕೊಂಡಿದ್ದ. ಹಣ ಯಾರನ್ನು ಕೇಳುವುದೆಂದೇ ಬಾಡಿಗೆದಾರರಿಗೆ ತಿಳಿಯಲಿಲ್ಲ. ಸಿಯೋಲ್ ಪಕ್ಕದ ಇಂಚಿಯಾನ್ ನಗರದ ಮಿಚುಹೋಲ್‌ನಲ್ಲಿ ಗಂಟು ಕಳೆದುಕೊಂಡ ಕೆಲವು ಎಳೆಯರು ಪ್ರಾಣವನ್ನೇ ಕಳೆದುಕೊಂಡರು. ಸಂತ್ರಸ್ತರಿಗೆಂದು ವಿಶೇಷ ಕಾನೂನು ಬಂದದ್ದು ಅದಾದ ಮೇಲೆ, 2023ರ ಜೂನ್‌ನಲ್ಲಿ.

ಹೆಚ್ಚು ಮೋಸ ನಡೆದದ್ದು ಅವರು ವಿಲ್ಲಾ ಅನ್ನುವ ನಾಲ್ಕೈದು ಮಹಡಿಯ ಸಣ್ಣ ಕಟ್ಟಡಗಳಲ್ಲಿ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ನೋಡಬಹುದು. ಹೊಸ ವಿಲ್ಲಾಕ್ಕೆ ಹೋಲಿಸಲು ಏನೂ ಇರುವುದಿಲ್ಲ, ದಲ್ಲಾಳಿ ಹೇಳಿದ್ದೇ ಬೆಲೆ. ಮೇಲಾಗಿ, ಮಾಲೀಕ ಗಂಟು ವಾಪಸ್ ಕೊಡದಿದ್ದರೆ ತಾನು ಕೊಡುವ ಸರ್ಕಾರಿ ಖಾತರಿ ಸಂಸ್ಥೆ ಮನೆ ಬೆಲೆಯ ಪೂರ್ತಿ ಮೊತ್ತದವರೆಗೂ ಖಾತರಿ ಕೊಡುತ್ತಿತ್ತು. 2023ರ ಮೇ ತಿಂಗಳಲ್ಲಿ ಅದನ್ನು ಶೇ 90ಕ್ಕೆ ಇಳಿಸಿದರು. ಖಾತರಿ ಸಿಗದ ಮನೆಗೆ ನೀನು ಹೋಗಲೇಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ರಾತ್ರಿಯ ಸಂಗತಿ. ಮನೆಗೆ ಸೇರಿ, ವಾರ್ಡ್ ಕಚೇರಿಯಲ್ಲಿ ವಿಳಾಸ ಬದಲಾವಣೆ ಬರೆಸಿ, ಕರಾರಿನ ಮೇಲೆ ದಿನಾಂಕದ ಮುದ್ರೆ ಹಾಕಿಸಿದರೆ, ಮನೆ ಹರಾಜಾದಾಗ ಆಮೇಲೆ ಬಂದ ಸಾಲದವರಿಗಿಂತ ಮೊದಲು ಹಣ ಪಡೆಯುವ ಹಕ್ಕು ನಿನಗೆ ಹುಟ್ಟುತ್ತದೆ. ಆದರೆ ಅದು ಊರ್ಜಿತವಾಗುವುದು ಮಾರನೆಯ ದಿನ ಶುರುವಾಗುವ ಮಧ್ಯರಾತ್ರಿ ಸೊನ್ನೆ ಗಂಟೆಯಿಂದ. ಬ್ಯಾಂಕಿನ ಅಡಮಾನವೋ, ನೋಂದಣಿಯಾದ ದಿನವೇ ಊರ್ಜಿತ. ನೀನು ಸಾಮಾನು ಇಳಿಸುವ ದಿನವೇ ಮಾಲೀಕ ಸಾಲ ತೆಗೆದರೆ ಹರಾಜಿನಲ್ಲಿ ಬ್ಯಾಂಕು ಮುಂದೆ, ನೀನು ಹಿಂದೆ. ಅದಕ್ಕೇ ಮಾರನೆಯ ದಿನ ಮುಗಿಯುವವರೆಗೆ ಅಡಮಾನ ಮಾಡುವುದಿಲ್ಲ, ಮಾಡಿದರೆ ಕರಾರು ರದ್ದು ಎಂಬ ಸಾಲು ಬರೆಸು. ಆಸ್ತಿ ನೋಂದಣಿಯ ಪ್ರತಿಯನ್ನು ಕರಾರಿಗೆ ಮೊದಲು, ಬಾಕಿ ಹಣ ಕೊಡುವ ಬೆಳಿಗ್ಗೆ, ಎರಡು ದಿನ ಬಿಟ್ಟು ಮತ್ತೊಮ್ಮೆ ತೆಗೆಸು. ಮಾಲೀಕನ ತೆರಿಗೆ ಬಾಕಿಯೂ ನಿನ್ನ ಹಣಕ್ಕಿಂತ ಮುಂದೆ ನಿಲ್ಲಬಹುದು, ಅದನ್ನೂ ವಿಚಾರಿಸು. ವಿದೇಶಿಯರಿಗೆ ವಲಸೆ ಕಾನೂನಿನಡಿ ವಾಸಸ್ಥಳ ಬದಲಾವಣೆ ತಿಳಿಸಿದರೂ ಅದೇ ರಕ್ಷಣೆ ಉಂಟು. ಅವಧಿ ಮುಗಿದರೂ ಹಣ ಬಾರದಿದ್ದರೆ, ನ್ಯಾಯಾಲಯದ ಆದೇಶದಿಂದ ಬಾಡಿಗೆ ಹಕ್ಕು ನೋಂದಣಿಯಾಗುವವರೆಗೆ ಮನೆ ಬಿಡಬೇಡ. ಮೊದಲೇ ಬಿಟ್ಟರೆ ಹಕ್ಕೂ ಹೋಗುತ್ತದೆ.

ಅಷ್ಟಾದರೂ ರಕ್ಷಣೆ ಅಲ್ಲಿದೆ. ಇಲ್ಲಿ ನಮ್ಮ ದೇಶದಲ್ಲಿ ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳಿದ್ದರೂ, ಎಷ್ಟೋ ಜನ ಛಾಪಾ ಕಾಗದಕ್ಕೆ ನೋಟರಿ ಮುದ್ರೆ ಒತ್ತಿಸಿ ಲಕ್ಷಗಟ್ಟಲೆ ಕೊಡುತ್ತಾರೆ. ಇದು ನನ್ನನ್ನು ತುಂಬ ಕಾಡುವ ವಿಷಯ.

ನೋಂದಣಿ ಪ್ರತಿಯನ್ನು ತೆಗೆಸಿ ಕಳಿಸು. ಅಲ್ಲಿಯವರೆಗೆ ಮುಂಗಡವನ್ನೂ ಕೊಡಬೇಡ.

ಇಂತಿ ನಿನ್ನ,
ಗೆಳೆಯ