ಮೊದಲು ಬೇಲಿ, ಆಮೇಲೆ ಬಾಟಲಿ

ಬಯಲಿನಲ್ಲಿ ನಡೆಯುವ ಕೂಟಕ್ಕೆ ಮದ್ಯ ಇಡಬೇಕೇ ಬೇಡವೇ ಎಂದು ಸಮಿತಿಗಳು ಗಂಟೆಗಟ್ಟಲೆ ಜಗ್ಗಾಡುತ್ತವೆ. ಇಡುವುದೆಂದು ತೀರ್ಮಾನವಾದ ಮೇಲೆ, ಹೇಗೆ ಎಂಬುದಕ್ಕೆ ಐದು ನಿಮಿಷವೂ ಉಳಿದಿರುವುದಿಲ್ಲ. ಎಡವಟ್ಟುಗಳಿಗೆ ದಾರಿಯಾಗುವುದು ಅಲ್ಲೇ.

ಕಾಗದಪತ್ರದ ಮಾತು ಚುಟುಕಾಗಿ. ತಾತ್ಕಾಲಿಕ ಲೈಸೆನ್ಸ್, ಜಾಗದವರ ಒಪ್ಪಿಗೆ, ವಿಮೆ ಮೂರೂ ಬೇರೆ ಬೇರೆ. ಒಂದು ಕೈಗೆ ಬಂದರೆ ಉಳಿದವು ಬಂದಂತಲ್ಲ. ಕಾರ್ಯಕ್ರಮಕ್ಕೆ ಮಾಡಿಸುವ ಮಾಮೂಲಿ ವಿಮೆ ಮದ್ಯ ಮಾರಾಟದ ಹೊಣೆಯನ್ನು ಎಷ್ಟೋ ಸಲ ಹೊರಗಿಟ್ಟಿರುತ್ತದೆ. ಪಾಲಿಸಿಯಲ್ಲಿ ಓದಬೇಕಾದ್ದು ಆ ಪುಟವನ್ನೇ. 'ನಾವು ಮಾರುತ್ತಿಲ್ಲ, ಟಿಕೆಟ್ ಜೊತೆ ಒಂದು ಬಿಯರ್ ಉಚಿತ' ಎಂಬ ಜಾಣತನವೂ ಬೇಡ. ದೇಣಿಗೆ ಎಂದು ಕರೆದರೂ ಅನೇಕ ಕಡೆ ಕಾನೂನಿನ ಕಣ್ಣಿಗೆ ಅದು ಮಾರಾಟವೇ.

ನಿಜವಾದ ಕೆಲಸವಿರುವುದು ಮೈದಾನದಲ್ಲಿ. ಕುಡಿಯುವ ಜಾಗಕ್ಕೆ ಒಂದೇ ಸಾಲು ಬೇಲಿ ಹಾಕಿದರೆ ಲೋಟಗಳು ಅದರ ಮೇಲಿಂದಲೇ ಆಚೆ ದಾಟುತ್ತವೆ. ಎರಡು ಸಾಲು ಹಾಕಿ, ನಡುವೆ ಎರಡು ಮೀಟರ್ ಬಿಟ್ಟರೆ ಕೈಗೆ ಕೈ ಎಟುಕುವುದಿಲ್ಲ. ಜನ ಓಡಾಡಲು ಒಂದೇ ಬಾಗಿಲಿರಲಿ; ತುರ್ತಿಗೆ ಬೇರೆ ಅಗಲವಾದ ದಾರಿ ಇರಲಿ, ಅಲ್ಲೊಬ್ಬರು ಕಾವಲಿರಲಿ. ವಯಸ್ಸು ನೋಡಿದ ಗುರುತಿಗೆ ಕೊಡುವ ಕೈಪಟ್ಟಿಯನ್ನು ಬಂದವರ ಕೈಗೆ ಕೊಡಬೇಡಿ, ನೀವೇ ಕಟ್ಟಿ. ಒಂದು ಬೆರಳು ತೂರುವಷ್ಟೇ ಸಡಿಲವಿರಬೇಕು, ಹೆಚ್ಚಾದರೆ ಅಣ್ಣನ ಪಟ್ಟಿ ಜಾರಿ ತಮ್ಮನ ಕೈಗೆ ಹೋಗುತ್ತದೆ. ಗದ್ದಲದಲ್ಲಿ ಯಾರೂ ವಯಸ್ಸಿನ ಲೆಕ್ಕ ಸರಿಯಾಗಿ ಹಾಕುವುದಿಲ್ಲ. 'ಈ ತಾರೀಖಿನಂದು ಅಥವಾ ಅದಕ್ಕೂ ಮೊದಲು ಹುಟ್ಟಿರಬೇಕು' ಎಂದು ಕೂಟದ ದಿನಕ್ಕೆ ಸರಿಯಾಗಿ ತಾರೀಖು ಲೆಕ್ಕಹಾಕಿ ಬಾಗಿಲಲ್ಲಿ ದೊಡ್ಡದಾಗಿ ಬರೆದಿಡಿ. ಮದ್ಯದ ಲೋಟದ ಬಣ್ಣ ಜ್ಯೂಸ್ ಲೋಟದ್ದಕ್ಕಿಂತ ಬೇರೆಯಿದ್ದರೆ ದೂರದಿಂದಲೇ ಗುರುತು ಸಿಗುತ್ತದೆ.

ಅಳತೆಯಲ್ಲಿ ಉದಾರಿಗಳಾಗಬಾರದು. 5 ಶೇಕಡಾದ 330 ಮಿ.ಲೀ. ಬಿಯರ್‌ನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇರುತ್ತದೆ. 8 ಶೇಕಡಾದ್ದನ್ನು ಅರ್ಧ ಲೀಟರ್ ಲೋಟದ ತುಂಬ ಕೊಟ್ಟರೆ 31 ಗ್ರಾಂ ದಾಟಿತು. ಕುಡಿದವರ ಲೆಕ್ಕಕ್ಕೆ ಎರಡೂ 'ಒಂದೇ ಬಿಯರ್'. ಆದ್ದರಿಂದ ಸಣ್ಣ ಲೋಟ, ಗೆರೆ ಇರುವ ಲೋಟ, ಒಬ್ಬರಿಗೆ ಒಂದು ಸಲಕ್ಕೆ ಒಂದೇ. ಬಿಸಿಲಿಗಿಟ್ಟ ಕೆಗ್, ಅಂದರೆ ಬಿಯರ್ ಪೀಪಾಯಿ, ನೊರೆ ಕಾರುತ್ತದೆ, ಸಾಲು ಬೆಳೆಯುತ್ತದೆ; ಸಾಲು ಬೆಳೆದಷ್ಟೂ 'ಇನ್ನೆರಡು ಕೊಡಿ' ಎಂಬ ಒತ್ತಾಯ, ನಿಯಮಕ್ಕೆ ಅಲ್ಲೇ ತಿಲಾಂಜಲಿ. ಕೆಗ್‌ಗೆ ನೆರಳೂ ಐಸೂ ಬೇಕೆನ್ನುವುದು ರುಚಿಗಾಗಿ ಮಾತ್ರವಲ್ಲ.

ಟೋಕನ್ ಪದ್ಧತಿ ಒಳ್ಳೆಯದೇ, ದುಡ್ಡು ಮುಟ್ಟುವ ಕೈ ಬೇರೆ, ಸುರಿಯುವ ಕೈ ಬೇರೆ. ಅದರ ಕುತ್ತು ಕೊನೆಯ ಗಂಟೆಯಲ್ಲಿದೆ. ಮೈಕಿನಲ್ಲಿ 'ಇನ್ನು ಹತ್ತೇ ನಿಮಿಷ' ಎಂದರೆ ಮುಗಿಯಿತು, ಜೇಬಿನಲ್ಲಿದ್ದ ಟೋಕನ್‌ಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಕೂಟ ರಾತ್ರಿ 10ಕ್ಕೆ ಮುಗಿಯುವುದಾದರೆ 8:30ಕ್ಕೆ ಟೋಕನ್ ಮಾರಾಟ ನಿಲ್ಲಲಿ, 9ಕ್ಕೆ ಬಿಯರ್ ಸುರಿಯುವ ನಲ್ಲಿಯೂ ನಿಲ್ಲಲಿ. ಈ ಸಮಯಗಳು ಮೊದಲಿನಿಂದಲೇ ಬೋರ್ಡಿನ ಮೇಲಿರಲಿ, ಉಳಿದ ಟೋಕನ್‌ಗೆ ದುಡ್ಡು ವಾಪಸ್ ಕೊಡಿ. ಕುಡಿದದ್ದು ರಕ್ತದಲ್ಲಿ ಏರುವುದಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೂ ಹಿಡಿಯಬಹುದು. ಕೊನೆಗೆ ಗಟಗಟ ಏರಿಸಿದವರು ಕಾರಿನ ಸ್ಟೀರಿಂಗ್ ಹಿಡಿದ ಮೇಲೆಯೇ ಅದು ತಲೆಗೇರುವುದು. ಕಾಫಿ ನಿದ್ದೆ ಓಡಿಸೀತು, ಮದ್ಯವನ್ನು ಕರಗಿಸುವುದಿಲ್ಲ.

'ಸಾಕು' ಎನ್ನುವ ಕೆಲಸವನ್ನು ಪರಿಚಿತ ಹುಡುಗರ ತಲೆಗೆ ಕಟ್ಟಬೇಡಿ. ಹಿರಿಯರು ಲೋಟ ಚಾಚಿದರೆ ಅವರಿಗೆ ಬಾಯಿ ಬರುವುದಿಲ್ಲ. ತರಬೇತಿ ಪಡೆದ, ನಮ್ಮ ಬಳಗಕ್ಕೆ ಹೊರಗಿನ ಬಡಿಸುವವರನ್ನು ಸಂಬಳ ಕೊಟ್ಟು ಕರೆಸಿ. ಅವರು ಬೇಡವೆಂದವರಿಗೆ ಪದಾಧಿಕಾರಿಗಳು ಶಿಫಾರಸು ಮಾಡಕೂಡದು. ಕೆಲಸದಲ್ಲಿರುವ ಯಾವ ಸ್ವಯಂಸೇವಕರೂ ಅಂದು ಕುಡಿಯುವಂತಿಲ್ಲ.

ಇಷ್ಟಾದ ಮೇಲೂ ಉಳಿಯುವುದು ಪಾರ್ಕಿಂಗ್. ಕಾರಿನ ಡಿಕ್ಕಿಯಲ್ಲಿ ಬಾಟಲಿ, ಕೋಲಾ ಲೋಟದಲ್ಲಿ ವಿಸ್ಕಿ: ಇದಕ್ಕೆ ಬೇಲಿಯೂ ಇಲ್ಲ, ಟೋಕನ್ನೂ ಇಲ್ಲ. ಅಲ್ಲಿಗೆ ಎರಡು ದೊಡ್ಡ ದೀಪ ಹಾಕಿಸಿ, ಅರ್ಧ ಗಂಟೆಗೊಮ್ಮೆ ಇಬ್ಬರು ಜೊತೆಯಾಗಿ ಒಂದು ಸುತ್ತು ಬರುವಂತೆ ಡ್ಯೂಟಿ ಪಟ್ಟಿಯಲ್ಲೇ ಹೆಸರು ಬರೆಯಿರಿ.