ರಂಗದ ಮೇಲೂ ಇರು, ಆಫೀಸಿನಲ್ಲೂ ಇರು

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ರಂಗಮಂದಿರದಲ್ಲಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಕೆಲಸಕ್ಕೆ ನಿನ್ನನ್ನು ಕರೆದಿದ್ದಾರೆ ಎಂದು ನಿನ್ನಮ್ಮ ಫೋನ್ ಮಾಡಿ ಹೇಳಿದಳು. ನೀನು ಮಾತ್ರ ಹಿಂದೆಮುಂದೆ ನೋಡುತ್ತಿದ್ದೀಯಂತೆ. ಆಫೀಸಿನಲ್ಲಿ ಕೂತರೆ ನಾಟಕ ಕೈಬಿಟ್ಟ ಹಾಗೇ ಎಂದು ಗೆಳೆಯರು ಹೆದರಿಸಿದ್ದಾರಂತೆ. ನನ್ನ ಮಾತು ಕೇಳುವುದಾದರೆ ಕೆಲಸ ಒಪ್ಪಿಕೋ. ಆದರೆ ಕೆಲವು ವಿಷಯಗಳನ್ನು ಮೊದಲೇ ಗಟ್ಟಿ ಮಾಡಿಕೊಂಡು ಒಪ್ಪಿಕೋ.

ನಮ್ಮ ನಾಡಿನಲ್ಲಿ ತಂಡ ಕಟ್ಟಿ ನಡೆಸಿದವರಲ್ಲಿ ಬಹಳ ಜನ ರಂಗದ ಮೇಲಿದ್ದವರೇ. ಗುಬ್ಬಿ ವೀರಣ್ಣನವರು ಹುಡುಗನಾಗಿ ನಾಟಕ ಕಂಪನಿ ಸೇರಿದವರು. ಮುಂದೆ ಅದೇ ಕಂಪನಿಯ ಮಾಲೀಕರಾದರು. ರಾತ್ರಿ ಹಾಸ್ಯಪಾತ್ರ ಮಾಡಿ ಜನರನ್ನು ನಗಿಸಿದವರೇ ಮುಂದಿನ ಕ್ಯಾಂಪ್ ಯಾವ ಊರು, ಇಷ್ಟು ಜನರ ಊಟ, ಸಂಬಳ ಹೇಗೆ ಎಂದೂ ಯೋಚಿಸಬೇಕಿತ್ತು. ಅವರ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ನಡೆಸಿದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದರು. ನಾಟಕ ಮಾಡಿಸುವುದನ್ನಾಗಲಿ ಸಂಗೀತ ಕೂರಿಸುವುದನ್ನಾಗಲಿ ಅವರು ಬಿಡಲಿಲ್ಲ. ಕೆರೆಮನೆ ಶಂಭು ಹೆಗಡೆಯವರು ವೇಷ ಮಾಡುತ್ತಲೇ ಇಡಗುಂಜಿ ಯಕ್ಷಗಾನ ಮೇಳವನ್ನು ಮುನ್ನಡೆಸಿದರು, ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿದ ಬೆಂಗಳೂರಿನ ರಂಗಮಂದಿರ ರಂಗಶಂಕರ 2004ರಲ್ಲಿ ಶುರುವಾಯಿತು. ಸಿನಿಮಾ ನಟನೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅದಾದ ಮೇಲೆಯೇ.

ಆದರೆ ಒಂದು ವ್ಯತ್ಯಾಸ ಮರೆಯಬೇಡ. ಅವರೆಲ್ಲ ತಮ್ಮ ಮೇಳ, ತಮ್ಮ ಸಂಸ್ಥೆಯ ಯಜಮಾನಿಕೆ ವಹಿಸಿದವರು. ತಾಲೀಮು ಎಷ್ಟು ಹೊತ್ತಿಗೆ ಎಂದು ಅವರೇ ಹೇಳಬಹುದಿತ್ತು. ನೀನು ಸಂಬಳಕ್ಕೆ ಹೋಗುವವಳು. ನಿನ್ನ ನಟನೆಗೆ ಜಾಗ ಬೇಕಿದ್ದರೆ ಅದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತಿನಲ್ಲಿ 'ನೀವೂ ಕಲಾವಿದರೇ ಅಲ್ವಾ, ನೋಡೋಣ' ಎಂದರೆ ನಂಬಿ ಕೂರಬೇಡ. ಹೇಳಿದವರು ಕೆಟ್ಟವರೆಂದಲ್ಲ. ಅವರು ಬಿಟ್ಟುಹೋದರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ.

ಈ ಕೆಲಸದ ನಿಜವಾದ ಕಷ್ಟ ಎಲ್ಲಿದೆ ಗೊತ್ತಾ? ಸಂಜೆಯಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಟ ಆರಕ್ಕೆ ಹೊರಟು ತಾಲೀಮಿಗೆ ಬರುತ್ತಾನೆ. ರಂಗಮಂದಿರದ ಮ್ಯಾನೇಜರಿಗೆ ಕೆಲಸ ಬಿಸಿಯಾಗುವುದೇ ಆರು ಗಂಟೆಗೆ. ಟಿಕೆಟ್ ಕೌಂಟರ್ ತೆರೆಯಬೇಕು, ಲೈಟಿನವನಿಗೆ ಏನೋ ಬೇಕು, ಏಳೂವರೆಗೆ ನಾಟಕ ಶುರುವಾಗುವಾಗ ಬಾಗಿಲು ಹಾಕಬೇಕು. ಶನಿವಾರ, ಭಾನುವಾರ ಇನ್ನೂ ಜಾಸ್ತಿ. ಅಂದರೆ ಎಲ್ಲ ತಂಡಗಳೂ ತಾಲೀಮು ಮಾಡುವ ಹೊತ್ತು ನಿನ್ನ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಬೆಳಗ್ಗೆಯನ್ನು ಬಿಟ್ಟುಕೊಡಬೇಡ. ಧ್ವನಿ, ಮೈ, ಓದು ಎಲ್ಲ ಹತ್ತು ಗಂಟೆಯೊಳಗೆ ಮುಗಿಯಲಿ. ಆ ಹೊತ್ತಿನಲ್ಲಿ ಆಫೀಸಿನ ವಾಟ್ಸಾಪ್ ಗ್ರೂಪ್ ನೋಡಬೇಡ. ವರ್ಷಕ್ಕೆ ಒಂದು ಹೊಸ ನಾಟಕಕ್ಕೆ ರಜೆ ಬೇಕೆಂದು ಕೇಳು. ಒಂದೇ ಸಾಕು, ಆದರೆ ಪೂರ್ತಿ ತಾಲೀಮು ಮಾಡಿದ ಪಾತ್ರ ಇರಲಿ. ಯಾರೋ ಕೈಕೊಟ್ಟರು ಎಂದು ಕೊನೇ ಗಳಿಗೆಯಲ್ಲಿ ಹೋಗಿ ನಿಲ್ಲುವ ಪಾತ್ರಗಳಲ್ಲೇ ವರ್ಷ ಕಳೆದರೆ ನಟಿ ಬೆಳೆಯುವುದಿಲ್ಲ.

ಇನ್ನು ಆಫೀಸಿಗೆ ನೀನು ಏನು ಕೊಡಬಲ್ಲೆ ಎಂಬ ಮಾತು. ಇದು ನನಗೆ ತುಂಬ ಮುಖ್ಯ. ರಂಗದ ಮೇಲೆ ನಿಲ್ಲದವರು ಮಾಡಿದ ಬಜೆಟ್ ನೋಡಿದ್ದೀಯಾ? ಹಾಲ್ ಬಾಡಿಗೆ, ಸೆಟ್ ತರುವ ಟೆಂಪೋ, ಲೈಟ್ಸ್, ಮೇಕಪ್, ಬ್ಯಾನರ್, ಹಾರ ಶಾಲು ಎಲ್ಲ ಇರುತ್ತದೆ. ತಾಲೀಮಿನ ದಿನಗಳ ಖರ್ಚು ಇರುವುದಿಲ್ಲ. ಹಾಲನ್ನು ಮಧ್ಯಾಹ್ನ ಮೂರರಿಂದ ಬುಕ್ ಮಾಡಿರುತ್ತಾರೆ. ಸೆಟ್ ಇಳಿಸಿ, ಜೋಡಿಸಿ, ಲೈಟ್ ಕಟ್ಟಿ, ಫೋಕಸ್ ಮಾಡುವಷ್ಟರಲ್ಲಿ ಜನ ಹೊರಗೆ ಸಾಲು ನಿಂತಿರುತ್ತಾರೆ. ನಟರು ಆ ಬೆಳಕಿನಲ್ಲಿ ಒಂದು ಸಲವೂ ನಡೆದಿರುವುದಿಲ್ಲ. ಆ ಸಂಕಟ ನಿನಗೆ ಗೊತ್ತು. ನಿನ್ನ ಬಜೆಟ್‌ನಲ್ಲಿ ಬೆಳಗಿನಿಂದಲೇ ಹಾಲ್ ಇರಲಿ, ತಾಲೀಮಿನ ಭತ್ಯೆ ಇರಲಿ, ಹೆಂಗಸರ ಗ್ರೀನ್ ರೂಮಿಗೆ ಸರಿಯಾದ ಚಿಲಕ ಇರಲಿ.

ಸಂಭಾವನೆ ಕೊಡುವ ದಿನಾಂಕವನ್ನು ಆಹ್ವಾನದ ಪತ್ರದಲ್ಲೇ ಬರಿ. ಒಂದು ಉತ್ಸವದವರು ನಮ್ಮ ತಂಡಕ್ಕೆ ದುಡ್ಡು ಕೊಡುವಷ್ಟರಲ್ಲಿ ಮುಂದಿನ ವರ್ಷದ ಉತ್ಸವವೇ ಬಂದಿತ್ತು. ಮೃದಂಗದವರಿಗೆ ಮುಖ ತೋರಿಸಲು ಆಗದೆ ನಾನು ಕೈಯಿಂದ ಕೊಟ್ಟೆ. ನಿನ್ನ ಸಹಿ ಇರುವ ಪತ್ರದಿಂದ ಯಾರಿಗೂ ಹಾಗಾಗಬಾರದು.

ಲೆಕ್ಕ ಕಲಿ ಮಗಳೇ. ಅಕೌಂಟೆಂಟ್ ಇದ್ದಾರಲ್ಲ ಎಂದು ಸುಮ್ನೆ ಬಿಡಬೇಡ. ನಾಟಕದ ಟಿಕೆಟ್ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ ಎಂಬುದು ಗೊತ್ತಿದ್ದರೆ ಟಿಕೆಟ್ ದರ ಇಡುವ ಮೀಟಿಂಗ್‌ನಲ್ಲಿ ನಿನ್ನ ಮಾತಿಗೆ ತೂಕ ಬರುತ್ತದೆ. ಸಂಭಾವನೆಯಲ್ಲಿ ಟಿಡಿಎಸ್ ಎಂದು ಮೊದಲೇ ತೆರಿಗೆ ಹಿಡಿದರೆ ಅದನ್ನು ಹೇಗೆ ವಾಪಸ್ ಪಡೆಯುವುದು ಎಂದು ಕಲಾವಿದರಿಗೆ ಹೇಳಿಕೊಡು. ಎಷ್ಟೋ ಜನ ಆದಾಯ ತೆರಿಗೆ ರಿಟರ್ನ್ ಸಲ್ಲಿಸದೆ ಆ ದುಡ್ಡು ಬಿಟ್ಟೇಬಿಟ್ಟಿದ್ದಾರೆ. ಅನುದಾನ ಬಂದರೆ ಯಾವ ಬಾಬ್ತಿಗೆ ಕೊಟ್ಟರೋ ಅದಕ್ಕೇ ಖರ್ಚು ಮಾಡು, ವೋಚರ್ ಅವತ್ತೇ ಬರೆಸು. ದುಡ್ಡು ಹೇಗೆ ಖರ್ಚಾಯಿತು ಎಂದು ತೋರಿಸುವ ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ. ಆಗ ಕಾಯುವವರು ಕಲಾವಿದರೇ.

ಒಂದು ವಿಷಯದಲ್ಲಿ ಮಾತ್ರ ಕಠಿಣವಾಗಿರು. ನಾಟಕಗಳನ್ನು ಆರಿಸುವ ಸಮಿತಿಯಲ್ಲಿ ನೀನಿದ್ದು, ನೀನು ನಟಿಸುವ ತಂಡವೇ ಅರ್ಜಿ ಹಾಕಿದರೆ, ಅದನ್ನು ಬರವಣಿಗೆಯಲ್ಲಿ ತಿಳಿಸಿ ಆ ಚರ್ಚೆಯಿಂದ ಎದ್ದು ಬಾ. ಭಾನುವಾರದ ಡೇಟ್ ಕೊಡಿಸು ಎಂದು ಗೆಳೆಯರು ಫೋನ್ ಮಾಡುತ್ತಾರೆ. ಎಲ್ಲರಂತೆ ಅರ್ಜಿ ಹಾಕಿ ಎಂದು ಹೇಳು. ಒಂದಿಬ್ಬರು ಮಾತು ಬಿಡಬಹುದು. ಬಿಡಲಿ.

ಕೆಲಸಕ್ಕೆ ಸೇರುವ ಮೊದಲು ಬಿಡುವಿದ್ದರೆ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ ತಂಡ ಬಂದ ಊರಿಗೆ ಒಂದು ಸಲ ಹೋಗು. 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದ್ದಾರೆ. ನಾಟಕ ಹೇಗೂ ನೋಡುತ್ತೀಯ. ಅದರ ಜೊತೆಗೆ ಊರಿನವರು ಹಾಲ್, ಊಟ, ಟಿಕೆಟ್ ಹೇಗೆ ಹಂಚಿಕೊಂಡು ಮಾಡುತ್ತಾರೆ ಎಂದು ಕೂತು ಕೇಳಿ ಬರೆದುಕೋ.

ಸಹಿ ಮಾಡುವ ಮೊದಲು ಆಫರ್ ಲೆಟರ್ ನನಗೆ ವಾಟ್ಸಾಪ್ ಮಾಡು. ಹೊರಗಿನ ತಂಡಗಳಲ್ಲಿ ನಟಿಸಲು ಅನುಮತಿ, ವರ್ಷದ ತಾಲೀಮಿನ ರಜೆ, ವಾರದ ರಜೆ ಯಾವತ್ತು ಎಂಬುದು, ಈ ಮೂರೂ ಅದರಲ್ಲಿ ಇರಬೇಕು. ಸಂಬಳ ಕೇಳಲು ಸಂಕೋಚ ಬೇಡ. ಅವರು ಹೇಳಿದ್ದು ಕಡಿಮೆ ಅನ್ನಿಸಿದರೆ ಎರಡು ದಿನ ಸಮಯ ಕೇಳಿ ನನಗೆ ಫೋನ್ ಮಾಡು, ಕೂತು ಲೆಕ್ಕ ಹಾಕೋಣ.

ನಿನ್ನ ದೊಡ್ಡಮ್ಮ